ಕೊನೇ ಹಂತದ ಕ್ಯಾನ್ಸರ್: ವೆಂಟಿಲೇಟರ್ ಹಾಕ್ಸೋದಾ ಬೇಡ್ವಾ? ನಾಳೆಯೊಳಗೆ ಹೇಳ್ಬೇಕು

ತೀರ್ಥಹಳ್ಳಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ಯಾನ್ಸರ್ ಪೇಷಂಟ್ ನೋಡ್ಕೊಂಡೋರು, ಡಾಕ್ಟರು, ನರ್ಸುಗಳು ಇದೀರಿ ಅಂತ ಬರೀತಿದೀನಿ.

ಅಪ್ಪಂಗೆ 68 ವರ್ಷ. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಲಿವರ್‌ಗೆ ಹರಡಿದೆ. ಎರಡು ಥರದ ಕೀಮೋ ಆಯ್ತು, ಎರಡನೇದೂ ಹಿಡೀಲಿಲ್ಲ ಅಂತ ಹೋದ ಸ್ಕ್ಯಾನಲ್ಲೇ ಗೊತ್ತಾಯ್ತು. ಈಗ ಎದೆಯಲ್ಲಿ ಇನ್‌ಫೆಕ್ಷನ್ ಆಗಿ ಬೆಂಗಳೂರಲ್ಲಿ ಅಡ್ಮಿಟ್ ಮಾಡಿದೀವಿ. ಮಾಸ್ಕಲ್ಲಿ ಆಕ್ಸಿಜನ್ ಹೋಗ್ತಿದೆ. ಮಾತಾಡ್ತಾರೆ, ಎಲ್ಲರ ಗುರುತೂ ಹಿಡೀತಾರೆ, ಬೆಳಿಗ್ಗೆ ಸ್ವಲ್ಪ ಗಂಜಿ ಕುಡಿದ್ರು.

ಇವತ್ತು ರೌಂಡ್ಸಿಗೆ ಬಂದ ಡಾಕ್ಟರ್ ನನ್ನ ಹೊರಗೆ ಕರೆದು, "ಉಸಿರಾಟ ಇನ್ನೂ ಕಷ್ಟ ಆದ್ರೆ ಐಸಿಯುಗೆ ಹಾಕಿ ಟ್ಯೂಬ್ ಹಾಕ್ಬೇಕಾಗುತ್ತೆ. ಹಾಕ್ಬೇಕಾ ಬೇಡ್ವಾ, ಮನೇವ್ರೆಲ್ಲ ಮಾತಾಡಿ ನಾಳೆ ಹೇಳಿ" ಅಂದ್ರು. ಅಣ್ಣ ದುಬೈಲಿದಾನೆ. "ಏನೇನು ಆಗುತ್ತೋ ಎಲ್ಲಾ ಮಾಡ್ಸು, ನಾನು ಬರೋವರೆಗೂ ಏನೂ ಬಿಡ್ಬೇಡ" ಅಂತಾನೆ. ಅಮ್ಮಂಗೆ ಹರಡಿರೋ ವಿಷಯ ಹೇಳಿಲ್ಲ. ಅಪ್ಪಂಗೂ ಪೂರ್ತಿ ಹೇಳಿಲ್ಲ. ದೊಡ್ಡಪ್ಪ "ಊರಿಗೆ ಕರ್ಕೊಂಡ್ ಬನ್ನಿ" ಅಂತಾರೆ. ನಂಗೆ ತಲೆ ಓಡ್ತಿಲ್ಲ. ಬೇಡ ಅಂದ್ರೆ ನಾನೇ ಅಪ್ಪನ್ನ ಕೈಬಿಟ್ಟ ಹಾಗಾಗಲ್ವಾ?

ಐಸಿಯು ಸಿಸ್ಟರ್, ಮಂಗಳೂರು

ಕೈಬಿಟ್ಟ ಹಾಗೆ ಖಂಡಿತ ಆಗೋದಿಲ್ಲ ತಂಗಿ. ಮೊದಲು ಅದನ್ನು ಮನಸ್ಸಿನಿಂದ ತೆಗಿ.

ಟ್ಯೂಬ್ ಅಂದರೆ ಏನಂತ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ, ಹಾಗಾಗಿ ನಾನು ಹೇಳ್ತೇನೆ. ಬಾಯಿಯಿಂದ ಗಂಟಲಿನೊಳಗೆ ಒಂದು ನಳಿಗೆ ಇಳಿಸಿ ಮೆಷಿನಿಗೆ ಜೋಡಿಸ್ತಾರೆ. ಆಮೇಲೆ ಅವರಿಗೆ ಮಾತಾಡ್ಲಿಕ್ಕೆ ಆಗೋದಿಲ್ಲ. ನಳಿಗೆ ಎಳ್ಕೊಳ್ಳಬಾರದು ಅಂತ ನಿದ್ದೆ ಬರಿಸುವ ಔಷಧಿ ಹಾಕ್ತೇವೆ, ಕೆಲವು ಸಲ ಕೈಗೆ ಬಟ್ಟೆ ಕಟ್ಟಿ ಮಂಚಕ್ಕೆ ಬಿಗಿಯಬೇಕಾಗ್ತದೆ. ಕಫ ತೆಗೀಲಿಕ್ಕೆ ಅದೇ ನಳಿಗೆಯೊಳಗೆ ಇನ್ನೊಂದು ಸಣ್ಣ ಪೈಪ್ ಬಿಡ್ತೇವೆ. ಔಷಧಿ ಸ್ವಲ್ಪ ಕಮ್ಮಿ ಇದ್ದರೆ ಆಗ ಅವರ ಕಣ್ಣಲ್ಲಿ ನೀರು ಬರ್ತದೆ, ಕೆಮ್ಮಿ ಮೈಯೆಲ್ಲ ಎದ್ದು ಬೀಳ್ತದೆ. ಬಿಪಿ ಇಳಿದರೆ ಔಷಧಿ ಕೊಡ್ಲಿಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ದೊಡ್ಡ ಲೈನ್ ಹಾಕ್ತೇವೆ. ಮನೆಯವರಿಗೆ ಒಳಗೆ ಬಿಡೋದು ದಿನದಲ್ಲಿ ಸ್ವಲ್ಪ ಹೊತ್ತು, ಅದೂ ಒಬ್ಬೊಬ್ಬರನ್ನೇ.

ಹೆದರಿಸ್ಲಿಕ್ಕೆ ಹೇಳಿದ್ದಲ್ಲ. ಇದೇ ನಳಿಗೆ ಹಾಕಿಸಿಕೊಂಡು ವಾರ ಕಳೆದು ಎದ್ದು ನಡ್ಕೊಂಡು ಹೋದವರನ್ನು ನಾನೇ ನೋಡಿದ್ದೇನೆ. ಆದರೆ ಅವರ ಒಳಗಿನ ಕಾಯಿಲೆ ಬೇರೆ. ಅಪ್ಪ ಈಗ ಮಾತಾಡ್ತಾ ಇದ್ದಾರೆ ಅಂತ ನೀನೇ ಬರೆದಿದ್ದಿ. ನೀನೂ ನಿನ್ನ ಅಣ್ಣನೂ ದೊಡ್ಡಪ್ಪನೂ ಮಾತಾಡಿದ್ದಾಯಿತು. ಅಪ್ಪನ ಹತ್ತಿರ ಯಾರು ಮಾತಾಡಿದರು?

ಹುಬ್ಬಳ್ಳಿ ಬಸು

ಎಲ್ಲಾರೂ ಒಂದs ದಿಕ್ಕಿಗೆ ಹೊಂಟೀರಿ, ಅದಕ್ಕ ನಾ ಇನ್ನೊಂದು ಮಾತು ಹೇಳಬೇಕು.

ನನ್ನ ತಮ್ಮಗ ಬ್ಲಡ್ ಕ್ಯಾನ್ಸರ್ ಆಗಿತ್ತು. ಮೊದಲ ಕೀಮೋದಾಗs ಬಿಳಿ ರಕ್ತಕಣ ಪೂರಾ ಬಿದ್ದು, ಜ್ವರ ಬಂದು, ಬಿಪಿ ಇಳದು, ಉಸಿರು ಹತ್ತಿಕೊಂಡ್ತು. ಸಂಬಂಧಿಕರು "ಕ್ಯಾನ್ಸರ್ ಪೇಷಂಟ್ ಅದಾನ, ಐಸಿಯುದಾಗ ಹಾಕಿ ಯಾಕ ಹಿಂಸಾ ಕೊಡ್ತೀರಿ, ಮನೀಗೆ ಒಯ್ರಿ" ಅಂದ್ರು. ನಮ್ಮವ್ವ ಒಬ್ಬಾಕಿನs ಹಟ ಹಿಡದ್ಳು. ವೆಂಟಿಲೇಟರ್ ಮ್ಯಾಲೆ ಇದ್ದ, ಆಮ್ಯಾಲೆ ಹೊರಗ ಬಂದ. ಈಗ ಅಂವಗ ಕಾಯಿಲೆ ಇಲ್ಲ, ಅಂಗಡಿ ನಡಸ್ತಾನ, ಮದುವೀನೂ ಆಗೇತಿ.

ಕ್ಯಾನ್ಸರ್ ಅಂದ ಕೂಡ್ಲೆ "ಐಸಿಯು ಬ್ಯಾಡ" ಅನ್ನೋದು ಒಂದು ರೂಢಿ ಆಗಬಾರದು. ಇದನ್ನ ಓದಿ ಯಾರರೆ ಬದುಕೋ ಮನಶ್ಯಾನ್ನ ಮನೀಗೆ ಕರಕೊಂಡು ಹೋದ್ರ ಯಾರು ಜವಾಬ್ದಾರಿ?

ನೋವು ಶಮನ ವೈದ್ಯೆ

ಬಸು ಅವರು ಹೇಳಿದ್ದು ಬಹಳ ಮುಖ್ಯವಾದ ಮಾತು. ನಾನು ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆಯ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಜನ ನಮ್ಮನ್ನು ಕಂಡರೆ "ಕೊನೇ ಡಾಕ್ಟರ್ ಬಂದರು" ಅಂದುಕೊಳ್ಳುತ್ತಾರೆ. ಆದರೆ ಬಸು ಅವರ ತಮ್ಮನಂಥ ರೋಗಿಯನ್ನು ನಾನೇ ಎಷ್ಟೋ ಸಲ ಐಸಿಯುಗೆ ಕಳಿಸಿದ್ದೇನೆ.

ಆ ಹುಡುಗನ ಕ್ಯಾನ್ಸರಿಗೆ ಚಿಕಿತ್ಸೆ ಇನ್ನೂ ಶುರುವಾಗಿತ್ತಷ್ಟೆ, ಗುಣವಾಗುವ ಸಾಧ್ಯತೆ ಇತ್ತು. ಅವನನ್ನು ಕೆಡವಿದ್ದು ಕೀಮೋದಿಂದ ಬಂದ ಸೋಂಕು. ಸೋಂಕು ಇಳಿದು ಮಜ್ಜೆ ಚೇತರಿಸಿಕೊಳ್ಳುವವರೆಗೆ ಉಸಿರು ಹಿಡಿದಿಡಬೇಕಿತ್ತು, ವೆಂಟಿಲೇಟರ್ ಆ ಕೆಲಸ ಮಾಡಿತು. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ರೋಗ ಪತ್ತೆಯಾದ ವಾರದಲ್ಲೇ ಪರಿಸ್ಥಿತಿ ಹೀಗೆ ಕೈಮೀರುತ್ತದೆ. ಅಲ್ಲಿ ಹಿಂಜರಿಯಬಾರದು.

ತೀರ್ಥಹಳ್ಳಿಯ ತಂಗಿಯ ತಂದೆಯ ವಿಷಯದಲ್ಲಿ ಸೋಂಕು ಮೇಲಿಂದ ಬಂದದ್ದು ಹೌದು, ಆದರೆ ಕೆಳಗಿರುವ ಕಾಯಿಲೆಗೆ ಕೊಡಲು ಮದ್ದು ಉಳಿದಿಲ್ಲ. ಆದ್ದರಿಂದ ಡಾಕ್ಟರನ್ನು ಹೀಗೆ ಕೇಳಿ: "ವೆಂಟಿಲೇಟರ್ ಹಾಕಿದರೆ ಅದರಿಂದ ಹೊರಗೆ ಬರುವ ಭರವಸೆ ನಿಮಗಿದೆಯೇ? ಬಂದರೆ ಯಾವ ಸ್ಥಿತಿಯಲ್ಲಿ ಬರುತ್ತಾರೆ? ಆಮೇಲೆ ಕ್ಯಾನ್ಸರಿಗೆ ಏನು ಮಾಡುತ್ತೀರಿ?" ಈ ಮೂರಕ್ಕೂ ಅವರು ಬಾಯಿಬಿಟ್ಟು ಉತ್ತರ ಹೇಳಬೇಕು. "ಟ್ರೈ ಮಾಡೋಣ" ಅನ್ನುವುದು ಉತ್ತರವಲ್ಲ.

ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಬಗ್ಗೆಯೂ ಬೇರೆಯಾಗಿ ಕೇಳುತ್ತಾರೆ. ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಸಿಪಿಆರ್ ಆದ ಮೇಲೆ ಬದುಕಿ ಆಸ್ಪತ್ರೆಯಿಂದ ಹೊರಗೆ ಹೋದವರು ಶೇ 6ರ ಆಸುಪಾಸು. ಐಸಿಯುನಲ್ಲೇ ಹೃದಯ ನಿಂತವರಲ್ಲಿ ಶೇ 2ರಷ್ಟು. ಟಿವಿ ಧಾರಾವಾಹಿಯಲ್ಲಿ ಎದೆ ಒತ್ತಿದ ಕೂಡಲೇ ರೋಗಿ ಕಣ್ಣು ಬಿಡುವುದನ್ನು ನೋಡಿ ಬಂದವರಿಗೆ ಈ ಅಂಕಿ ನಂಬಲು ಕಷ್ಟ. ಪಕ್ಕೆಲುಬು ಮುರಿಯುವುದು ಮಾಮೂಲು.

ಎರಡೂ ಕಡೆ ಮನಸ್ಸು ಎಳೆಯುತ್ತಿದ್ದರೆ ಮಧ್ಯದ ದಾರಿಯೂ ಇದೆ. ಮೂರೋ ನಾಲ್ಕೋ ದಿನ ಅಂತ ಮೊದಲೇ ಗೊತ್ತುಮಾಡಿಕೊಂಡು ಚಿಕಿತ್ಸೆ ಕೊಡುವುದು, ಆಮೇಲೆ ಮತ್ತೆ ಕೂತು ನೋಡುವುದು. ಅಷ್ಟರಲ್ಲಿ ಕಿಡ್ನಿಯೂ ಕೈಕೊಟ್ಟು, ಬಿಪಿಯ ಔಷಧಿ ಏರುತ್ತಲೇ ಹೋದರೆ ದೇಹ ಸ್ಪಂದಿಸುತ್ತಿಲ್ಲ ಅಂತ ಅರ್ಥ. ಗಡುವಿಲ್ಲದೆ ಒಳಗೆ ಹೋದವರೇ ವಾರಗಟ್ಟಲೆ ಮೆಷಿನಿನಲ್ಲಿ ಉಳಿಯುವುದು, ಯಾಕೆಂದರೆ ಒಳಗೆ ಹೋದ ಮೇಲೆ ನಿಲ್ಲಿಸುವ ಮಾತನ್ನು ಯಾರೂ ಮೊದಲು ಎತ್ತುವುದಿಲ್ಲ.

ಮಾಗಡಿ ರೋಡ್

ದುಡ್ಡಿನ ಮಾತು ಯಾರೂ ಆಡ್ತಿಲ್ಲ, ನಾನೇ ಆಡ್ತೀನಿ. ನಮ್ಮ ಮಾವನವರ ವಿಷಯದಲ್ಲಿ ದಿನಾ ಸಂಜೆ ಬಿಲ್ಲಿಂಗ್ ಕೌಂಟರಿಂದ ಫೋನು. ಎಪಿಎಲ್ ಕಾರ್ಡು, ಆಯುಷ್ಮಾನ್ ಯೋಜನೇಲಿ ಪ್ಯಾಕೇಜಿನ ಶೇ 30 ಮಾತ್ರ ಸಿಗುತ್ತೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮಿಕ್ಕಿದ್ದು ಕೈಯಿಂದ. ಮನೇಲಿ ದುಡ್ಡಿನ ಮಾತು ಎತ್ತಿದ್ರೆ ಪ್ರಾಣಕ್ಕೆ ಬೆಲೆ ಕಟ್ತಿದಾನೆ ಅಂತಾರೆ, ಎತ್ತದಿದ್ರೆ ಅತ್ತೆ ಸೈಟು ಮಾರ್ಬೇಕು. ಮಾವ ಹೋದ್ಮೇಲೆ ಅತ್ತೆ ಯಾವ ಮನೇಲಿರ್ಬೇಕು ಅನ್ನೋದೂ ಮಾವನಿಗೆ ಬೇಕಾದ ವಿಷಯವೇ ಅಲ್ವಾ? ತಂಗಿ, ದಿನಕ್ಕೆ ಎಷ್ಟಾಗುತ್ತೆ ಅಂತ ಇವತ್ತೇ ಬರವಣಿಗೇಲಿ ಕೇಳಮ್ಮ. ಅದರಲ್ಲಿ ನಾಚಿಕೆ ಪಡೋದೇನಿಲ್ಲ.

ತೀರ್ಥಹಳ್ಳಿ ಹುಡುಗಿ

ಎಲ್ಲಾ ಓದಿದೆ. ಡಾಕ್ಟರ್ ಹತ್ರ ಆ ಮೂರು ಪ್ರಶ್ನೆ ಕೇಳಿದೆ. "ಹೊರಗೆ ಬರೋ ಸಾಧ್ಯತೆ ತೀರಾ ಕಮ್ಮಿ, ಬಂದ್ರೂ ಕೀಮೋ ತಡೆಯೋ ಶಕ್ತಿ ಇರಲ್ಲ" ಅಂತ ನೇರವಾಗಿ ಹೇಳಿದ್ರು. ಅಣ್ಣ ಫೋನಲ್ಲಿ, "ವೆಂಟಿಲೇಟರ್ ಬೇಡ ಅಂತ ಸೈನ್ ಹಾಕೋದು ದಯಾಮರಣ, ಅದು ಕಾನೂನಿಗೆ ವಿರುದ್ಧ, ನಿನ್ ಮೇಲೆ ಕೇಸಾಗುತ್ತೆ" ಅಂತಿದಾನೆ. ನಿಜಾನಾ?

ಧಾರವಾಡದ ವಕೀಲ

ಇಲ್ಲ ತಂಗಿ. ನಿಮ್ಮಣ್ಣನವರ ಆತಂಕ ಸಹಜ, ಆದರೆ ಎರಡು ಬೇರೆ ವಿಷಯಗಳು ಬೆರೆತುಹೋಗಿವೆ. ಚುಚ್ಚುಮದ್ದು ಕೊಟ್ಟು ಸಾವು ತರುವುದು ಭಾರತದಲ್ಲಿ ಇಂದಿಗೂ ಅಪರಾಧ. ಫಲವಿಲ್ಲದ ಕೃತಕ ಜೀವಾಧಾರವನ್ನು ಶುರು ಮಾಡದಿರುವುದು ಅಥವಾ ನಿಲ್ಲಿಸಿ ಕಾಯಿಲೆ ತನ್ನ ದಾರಿ ಹಿಡಿಯಲು ಬಿಡುವುದನ್ನು ಕಾನೂನು ಒಪ್ಪುತ್ತದೆ.

ಈ ಕಾನೂನಿನ ಹಾದಿ ಶುರುವಾದದ್ದೇ ನಮ್ಮ ಉತ್ತರ ಕನ್ನಡದ ಹೆಣ್ಣುಮಗಳಿಂದ. ಹೊನ್ನಾವರದ ಹತ್ತಿರ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅವರ ಮೇಲೆ ನಡೆದ ದಾಳಿಯ ನಂತರ ಮತ್ತೆ ಪೂರ್ಣ ಪ್ರಜ್ಞೆಗೆ ಬರಲೇ ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ವಿಷಯದಲ್ಲಿ ಅನುಮತಿ ಕೊಡಲಿಲ್ಲ, ಆದರೆ ಜೀವಾಧಾರ ಹಿಂತೆಗೆಯುವುದಕ್ಕೆ ತತ್ತ್ವತಃ ಬಾಗಿಲು ತೆರೆಯಿತು. ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು 2015ರವರೆಗೂ ನೋಡಿಕೊಂಡರು. ಅಷ್ಟು ವರ್ಷ ಒಬ್ಬರನ್ನು ಹಾಗೆ ನೋಡಿಕೊಂಡ ಆ ನರ್ಸುಗಳಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಆಗ ಇಟ್ಟ ನಿಯಮಗಳು ಪಾಲಿಸಲಾಗದಷ್ಟು ಬಿಗಿಯಾಗಿದ್ದವು, 2023ರ ಜನವರಿಯಲ್ಲಿ ಸಡಿಲಿಸಿದರು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಅದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಈ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ವರ್ಷಗಟ್ಟಲೆ ಕಚೇರಿಗಳಿಗೆ ಪತ್ರ ಬರೆದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ.

ನಿಮ್ಮ ತಂದೆಗೆ ಪ್ರಜ್ಞೆ ಇದೆ, ಅರಿತು ಮಾತಾಡುತ್ತಾರೆ. ಅವರೇ ಒಂದು ಚಿಕಿತ್ಸೆ ಬೇಡವೆಂದರೆ ಅದು ಅವರ ಹಕ್ಕು, ವೈದ್ಯಕೀಯ ಮಂಡಳಿ ಕೂಡಬೇಕಿಲ್ಲ. ಮಂಡಳಿಯ ಮಾತು ಬರುವುದು ರೋಗಿ ತಾನೇ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಾಗ. ಚಿಕಿತ್ಸೆ ನೀಡುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಅದನ್ನು ಮತ್ತೆ ಪರಿಶೀಲಿಸಲು ಎರಡನೇ ಮಂಡಳಿ, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯ ಅಧಿಕಾರಿ ಸೂಚಿಸಿದವರು. ಎರಡೂ ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ನಿಲ್ಲಿಸುವ ಮೊದಲು ಆಸ್ಪತ್ರೆಯು ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ.

ಕಲಬುರಗಿ ಶರಣು

ವಕೀಲ್ ಸಾಹೇಬ್ರು ಹೇಳಿದ್ದು ಕಾಗದದ ಮ್ಯಾಲಿನ ಮಾತು ಆಯ್ತು. ನಮ್ಮ ಕಡೆ ನಡಿಯೋದು ಬ್ಯಾರೆ ಅದ. ನಮ್ಮ ಕಾಕಾಗ ಶ್ವಾಸಕೋಶದ ಕ್ಯಾನ್ಸರ್. ಆಸ್ಪತ್ರೆದಾಗ ಎರಡು ಮಂಡಳಿನೂ ಇರ್ಲಿಲ್ಲ, ಏನೂ ಇರ್ಲಿಲ್ಲ. "ನಾವು ಮೆಷಿನ್ ತಗಿಯಂಗಿಲ್ಲ, ನೀವs ಬರೆದುಕೊಟ್ಟು ಕರ್ಕೊಂಡು ಹೋಗ್ರಿ" ಅಂದು, ವೈದ್ಯರ ಸಲಹೆಗೆ ವಿರುದ್ಧ ಅಂತ ಕಾಗದದ ಮ್ಯಾಲೆ ಸಹಿ ತಗೊಂಡ್ರು. ಆಂಬುಲೆನ್ಸಿನಾಗ ನನ್ನ ಕೈಯಾಗ ಗಾಳಿ ಒತ್ತೋ ಚೀಲ ಕೊಟ್ರು. ಜೇವರ್ಗಿ ದಾಟೋದ್ರಾಗ ಕಾಕಾ ಹೋದ. ಕೊನೀ ಹೊತ್ತಿನಾಗ ನೋವಿಗೆ ಒಂದು ಗುಳಿಗಿನೂ ಕೊಟ್ಟಿರ್ಲಿಲ್ಲ. ಇದಕ್ಕ ಘನತೆ ಅಂತಾರೇನು?

ನೋವು ಶಮನ ವೈದ್ಯೆ

ಶರಣು ಅವರೇ, ಇದಕ್ಕೆ ಘನತೆ ಅನ್ನುವುದಿಲ್ಲ. ಇದು ಒಂದೆರಡು ಊರಿನ ಕಥೆಯೂ ಅಲ್ಲ, ದೇಶದುದ್ದಕ್ಕೂ ನಡೆಯುತ್ತಿದೆ. ಕೇಸಿನ ಹೆದರಿಕೆಗೆ ಆಸ್ಪತ್ರೆಗಳು ಜವಾಬ್ದಾರಿಯನ್ನು ಮನೆಯವರ ಸಹಿಗೆ ಹೊರಿಸುತ್ತವೆ. ಅಂಥ ಕಾಗದಕ್ಕೆ ಸಹಿ ಬಿದ್ದ ಕೂಡಲೇ ನೋವಿನ ಔಷಧಿ, ಫಾಲೋಅಪ್, ಫೋನ್ ನಂಬರು ಎಲ್ಲ ನಿಂತುಹೋಗುತ್ತದೆ. ಮನೆಗೆ ಕಳಿಸುವುದಾದರೆ ಸರಿಯಾದ ಡಿಸ್ಚಾರ್ಜ್ ಸಮ್ಮರಿ, ಔಷಧಿ ಚೀಟಿ, ಯಾರಿಗೆ ಕರೆ ಮಾಡಬೇಕು ಅನ್ನುವುದು ಕೈಯಲ್ಲಿ ಕೊಟ್ಟು ಕಳಿಸಬೇಕು. ಆ "ಸಲಹೆಗೆ ವಿರುದ್ಧ" ಅನ್ನುವ ಸಾಲಿಗೆ ಸಹಿ ಹಾಕುವ ಮುಂಚೆ ಇದನ್ನು ಜಗಳ ಮಾಡಿಯಾದರೂ ಕೇಳಿ. ಸಿಪಿಆರ್ ಬೇಡ ಎಂಬುದನ್ನು ಕೇಸ್‌ಶೀಟಿನಲ್ಲಿ ಹೇಗೆ ದಾಖಲಿಸಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. "ನಮಗೆ ನಿಯಮ ಇಲ್ಲ" ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ.

ಮೈಸೂರಿನ ಟೀಚರ್

ಇಷ್ಟು ಹೊತ್ತು ಓದುತ್ತಿದ್ದೆ. ಇಲ್ಲಿ ಮಗಳು, ಅಣ್ಣ, ಸಿಸ್ಟರ್, ವಕೀಲರು ಎಲ್ಲರೂ ಮಾತಾಡಿದಿರಿ. ನಾನು ಪೇಷಂಟು. ಸ್ತನದ ಕ್ಯಾನ್ಸರ್, ಮೂಳೆಗೆ ಹರಡಿದೆ. ಸದ್ಯಕ್ಕೆ ಮಾತ್ರೆಯಲ್ಲಿ ಹತೋಟಿಯಲ್ಲಿದೆ, ಶಾಲೆಗೂ ಹೋಗುತ್ತೇನೆ.

ನಮಗೆ ಗೊತ್ತಾಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಬಾಗಿಲ ಆಚೆ ನಿಂತು ಡಾಕ್ಟರ ಜೊತೆ ಮಾತಾಡಿ, ಕಣ್ಣೊರೆಸಿಕೊಂಡು, ನಗುತ್ತಾ ಒಳಗೆ ಬರುತ್ತೀರಲ್ಲ, ಅದು ನಮಗೆ ಕಾಣುತ್ತದೆ. ನಿಮ್ಮ ಸಮಾಧಾನಕ್ಕೆ ನಾವೂ ನಗುತ್ತೇವೆ. ಹೀಗೆ ಒಂದೇ ಕೋಣೆಯಲ್ಲಿ ಎಲ್ಲರೂ ಒಂಟಿಯಾಗಿಬಿಡುತ್ತೇವೆ.

ಗೌರಿ ಹಬ್ಬಕ್ಕೆ ಮಕ್ಕಳು ಬಂದಿದ್ದಾಗ ಊಟ ಆದ ಮೇಲೆ ನಾನೇ ಮಾತು ತೆಗೆದೆ. ಕಾಯಿಲೆ ಹತೋಟಿ ತಪ್ಪಿ, ಗುಣವಾಗುವ ದಾರಿಯಿಲ್ಲ ಅಂತಾದಾಗ ನನಗೆ ವೆಂಟಿಲೇಟರ್ ಬೇಡ, ಎದೆ ಒತ್ತುವುದು ಬೇಡ. ನೋವಿಗೆ ಮಾತ್ರ ಯಾವ ಔಷಧಿಯಾದರೂ ಕೊಡಿ, ಅದರಲ್ಲಿ ಜಿಪುಣತನ ಮಾಡಬೇಡಿ. ದೊಡ್ಡವನು ಎದ್ದು ಹೊರಗೆ ಹೋದ. ಸಣ್ಣವಳು ಕೂತು ಪೂರ್ತಿ ಕೇಳಿಸಿಕೊಂಡಳು. ಯಾರ ಹೆಸರು ಬರೆಸಬೇಕು ಅಂತ ನನಗೆ ಆಗಲೇ ಗೊತ್ತಾಯಿತು. ಇದನ್ನೆಲ್ಲ ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಮಾಡಿಸಿದ್ದೇನೆ. ನನ್ನ ಪರವಾಗಿ ಮಾತಾಡಲು ಮಗಳು, ಅವಳು ಸಿಗದಿದ್ದರೆ ನನ್ನ ತಂಗಿ. ಮಗನಿಗೆ ಬೇಜಾರಾಯಿತು. ಅವನ ಪ್ರೀತಿ ಕಮ್ಮಿ ಅಂತಲ್ಲ, ಆ ಹೊತ್ತಿನಲ್ಲಿ "ಬೇಡ" ಅನ್ನುವುದು ಅವನ ಕೈಲಾಗುವುದಿಲ್ಲ ಅಂತ ಅವನಿಗೇ ಹೇಳಿದೆ.

ತಂಗಿ, ನಿಮ್ಮ ತಂದೆಯ ಹತ್ತಿರ ಕೂತು, "ಅಪ್ಪ, ನಿಮಗೆ ಕಾಯಿಲೆ ಬಗ್ಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳ್ಕೋಬೇಕು ಅನ್ನಿಸುತ್ತೆ" ಅಂತ ಕೇಳಿ. ಅವರು ಬೇಡ ಅಂದರೆ ಅಲ್ಲಿಗೇ ಬಿಡಿ. ಆದರೆ ಕೇಳದೆ ಬಿಡಬೇಡಿ.

ನ್ಯೂಜೆರ್ಸಿ ಕನ್ನಡಿಗ

ದುಬೈ ಅಣ್ಣನ ಪರವಾಗಿ ಒಂದು ಮಾತು. ದೂರ ಇರೋ ಮಗ "ಎಲ್ಲಾ ಮಾಡ್ಸಿ" ಅನ್ನೋದು ಹಟದಿಂದಲ್ಲ. ಅವನು ಕೊನೇ ಸಲ ನೋಡಿದ ಅಪ್ಪ ಬಸ್‌ಸ್ಟ್ಯಾಂಡಿಗೆ ಬ್ಯಾಗ್ ಹೊತ್ತು ತಂದು ಬಿಟ್ಟೋರು. ಅವನ ತಲೇಲಿ ಅದೇ ಅಪ್ಪ ಇದಾರೆ. ನಿನ್ನ ಬಾಯಲ್ಲಿ ಕೇಳಿದ್ರೆ ಅವನು ನಿನ್ ಜೊತೆ ವಾದ ಮಾಡ್ತಾನೆ ಅಷ್ಟೆ. ವಿಡಿಯೋ ಕಾಲಲ್ಲಿ ಡಾಕ್ಟರ್ ಹತ್ರ ನೇರವಾಗಿ ಮಾತಾಡ್ಸು, ಆಮೇಲೆ ಫೋನನ್ನ ಅಪ್ಪನ ಮುಖದ ಹತ್ರ ಹಿಡಿ. ಮೊದಲು ಟಿಕೆಟ್ ಬುಕ್ ಮಾಡು ಅಂತ ಹೇಳು, ಚರ್ಚೆ ಆಮೇಲೆ.

ತೀರ್ಥಹಳ್ಳಿ ಹುಡುಗಿ

ಮಾತಾಡಿದೆ. ಟೀಚರ್ ಹೇಳಿದ ಹಾಗೇ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಲಿವರ್‌ಗೆ ಹೋಗಿದೆ ಅಂತ ರಿಪೋರ್ಟ್ ಓದಿದೀನಿ, ಕನ್ನಡಕ ಇತ್ತಲ್ಲ" ಅಂದ್ರು. ಅವರ ಭಯ ಸಾವಿನದ್ದಲ್ಲ, ಉಸಿರು ಕಟ್ಟಿ ಒದ್ದಾಡೋದರದ್ದು. ಟ್ಯೂಬ್ ಬೇಡ, ಐಸಿಯು ಬೇಡ, ಇನ್‌ಫೆಕ್ಷನ್ನಿಗೆ ಇಂಜೆಕ್ಷನ್ ಹಾಕ್ಲಿ, ಅಣ್ಣ ಬರೋವರೆಗೆ ಹೇಗಾದ್ರೂ ಇದ್ರೆ ಸಾಕು ಅಂದ್ರು. ಡಾಕ್ಟರ್ ಮುಂದೆ ಮತ್ತೆ ಅದನ್ನೇ ಹೇಳಿದ್ರು, ಕೇಸ್‌ಶೀಟಲ್ಲಿ ಬರ್ಕೊಂಡ್ರು. ಅಮ್ಮಂಗೆ ಅಪ್ಪನೇ ಹೇಳಿದ್ರು, ನಾನು ಹೊರಗಿದ್ದೆ. ಅಣ್ಣ ಫ್ಲೈಟ್ ಹತ್ತಿದಾನೆ.

ಇನ್‌ಫೆಕ್ಷನ್ ತಹಬಂದಿಗೆ ಬಂದ್ರೆ ಮನೆಗೆ ಹೋಗ್ಬಹುದು ಅಂತಿದಾರೆ. ಮನೇಲಿ ಉಸಿರಾಟ ಕಷ್ಟ ಆದ್ರೆ ಏನ್ ಮಾಡೋದು? ಮಾರ್ಫಿನ್ ಕೊಟ್ರೆ ಬೇಗ ಹೋಗ್ಬಿಡ್ತಾರೆ ಅಂತ ದೊಡ್ಡಪ್ಪ ಹೇಳ್ತಿದಾರೆ.

ನೋವು ಶಮನ ವೈದ್ಯೆ

ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನೋವಿಗೂ ಉಸಿರುಗಟ್ಟಿದ ಭಾವನೆಗೂ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ಮೊದಲ ಕೆಲವು ದಿನ ತೂಕಡಿಕೆ ಬರುತ್ತದೆ, ಹೊಟ್ಟೆ ಕಟ್ಟುತ್ತದೆ, ಹೊಟ್ಟೆ ಸಡಿಲವಾಗಲು ಔಷಧಿಯನ್ನು ಜೊತೆಗೇ ಬರೆಸಿಕೊಳ್ಳಿ. ಎಲ್ಲಾ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲೇ ಸಿಗುವುದು. ಬೆಂಗಳೂರು ಬಿಡುವ ಮುಂಚೆಯೇ ಸಾಕಾಗುವಷ್ಟು ತೆಗೆದುಕೊಳ್ಳಿ, ಶಿವಮೊಗ್ಗದಲ್ಲಿ ಮುಂದೆ ಎಲ್ಲಿ ಸಿಗುತ್ತದೆ ಅಂತಲೂ ಕೇಳಿಕೊಳ್ಳಿ.

ಉಸಿರಾಟ ಹೆಚ್ಚಾದಾಗ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಕೂರಿಸಿ, ಕಿಟಕಿ ತೆಗೆಯಿರಿ, ಮುಖಕ್ಕೆ ಗಾಳಿ ಬೀಳುವ ಹಾಗೆ ಸಣ್ಣ ಫ್ಯಾನ್ ಇಡಿ. ಇದು ನಿಜವಾಗಿಯೂ ಆರಾಮ ಕೊಡುತ್ತದೆ. ಕೊನೆಯ ದಿನಗಳಲ್ಲಿ ಊಟ ತಾನಾಗಿ ಕಮ್ಮಿಯಾಗುತ್ತದೆ. ಬಂದವರೆಲ್ಲ "ಏನೂ ತಿನ್ನಿಸ್ತಿಲ್ವಾ" ಅನ್ನುತ್ತಾರೆ. ಒತ್ತಾಯ ಮಾಡಿ ತಿನ್ನಿಸಿದರೆ ನೆತ್ತಿಗೇರಿ ಶ್ವಾಸಕೋಶಕ್ಕೆ ಹೋಗುತ್ತದೆ. ತುಟಿಗೆ ಹತ್ತಿಯಲ್ಲಿ ನೀರು ಒತ್ತಿ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಪಕ್ಕಕ್ಕೆ ಮಲಗಿಸಿ. ಆ ಸದ್ದು ಕೇಳುವವರಿಗೆ ಕಷ್ಟ, ಅಷ್ಟು ಹೊತ್ತಿಗೆ ಅವರಿಗೆ ಅದರ ಅರಿವು ಇರುವುದಿಲ್ಲ.

ಮನೆಯಲ್ಲಿ ಆಗುವುದಿಲ್ಲ ಅನ್ನಿಸಿದರೆ ಹಾಸ್ಪೈಸ್, ಅಂದರೆ ಕೊನೆಯ ದಿನಗಳ ಆರೈಕೆಗಾಗಿಯೇ ಇರುವ ಕೇಂದ್ರ ಇದೆ. ಬೆಂಗಳೂರಿನ ಕರುಣಾಶ್ರಯ ಕೊನೇ ಹಂತದ ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವುದು, ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನೊಂದು. ಈ ಆರೈಕೆ ಕೊನೆಗೇ ಶುರುವಾಗಬೇಕಿಲ್ಲ. 2010ರಲ್ಲಿ ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲಿನಿಂದಲೇ ಪ್ಯಾಲಿಯೇಟಿವ್ ಆರೈಕೆ ಸಿಕ್ಕವರು ಸರಾಸರಿ 11.6 ತಿಂಗಳು ಬದುಕಿದರು, ಉಳಿದವರು 8.9 ತಿಂಗಳು. ಕೊನೆಯಲ್ಲಿ ಭಾರೀ ಚಿಕಿತ್ಸೆಗಳನ್ನು ಕಮ್ಮಿ ಪಡೆದವರೂ ಅವರೇ. ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಮೊದಲ ಕೀಮೋ ನಡೆಯುತ್ತಿದ್ದರೆ, ಈಗಲೇ ಒಮ್ಮೆ ಆ ವಿಭಾಗಕ್ಕೆ ಹೋಗಿ ಬನ್ನಿ.

ಮಾಗಡಿ ರೋಡ್

ಮನೇಲಿ ಪ್ರಾಣ ಹೋದ್ರೆ ಪೊಲೀಸು, ಪೋಸ್ಟ್‌ಮಾರ್ಟಮ್ ಅಂತ ತೊಂದರೆ ಆಗುತ್ತಾ? ರಾತ್ರಿ ಗಾಬರಿಯಾಗಿ ಯಾರಾದ್ರೂ 108ಕ್ಕೆ ಫೋನ್ ಮಾಡಿದ್ರೆ?

ಐಸಿಯು ಸಿಸ್ಟರ್, ಮಂಗಳೂರು

ಗೊತ್ತಿರುವ ಕಾಯಿಲೆಯಿಂದ ಹೋದರೆ ಪೋಸ್ಟ್‌ಮಾರ್ಟಮ್ ಬೇಡ. ನೋಡುತ್ತಿದ್ದ ಡಾಕ್ಟರು ಮರಣದ ಕಾರಣ ಬರೆದು ಕೊಡ್ತಾರೆ. ಹಾಗಾಗಿ ಊರಿಗೆ ಹೋದ ದಿನವೇ ಹತ್ತಿರದ ಡಾಕ್ಟರಿಗೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ, ಒಂದು ಸಲ ಮನೆಗೆ ಬಂದು ನೋಡ್ಲಿಕ್ಕೆ ಹೇಳಿ. ಮರಣ ನೋಂದಣಿ 21 ದಿನದೊಳಗೆ ಮಾಡಿಸಿದರೆ ಆಯಿತು.

108ಕ್ಕೆ ಕರೆದರೆ ಅವರು ಬಂದು ಎದೆ ಒತ್ತಿ ಆಸ್ಪತ್ರೆಗೆ ಓಡಿಸ್ತಾರೆ, ಅದು ಅವರ ಕೆಲಸ, ತಪ್ಪಲ್ಲ. ಸಮ್ಮರಿಯ ಒಂದು ಜೆರಾಕ್ಸು ಮಂಚದ ಪಕ್ಕದ ಗೋಡೆಗೆ ಅಂಟಿಸಿ, ಅದರ ಮೇಲೆ ಡಾಕ್ಟರ ನಂಬರು ದೊಡ್ಡದಾಗಿ ಬರೆಯಿರಿ. ರಾತ್ರಿ ಯಾರು ಎಚ್ಚರ ಇರ್ತಾರೋ ಅವರು ಮೊದಲು ಆ ನಂಬರಿಗೆ ಮಾಡ್ಲಿ. ಆಕ್ಸಿಜನ್ ಮೆಷಿನ್ ಬಾಡಿಗೆಗೆ ಸಿಗ್ತದೆ, ಆದರೆ ನಿಮ್ಮ ಕಡೆ ಕರೆಂಟು ಹೋಗ್ತದಲ್ಲ, ಒಂದು ಸಿಲಿಂಡರೂ ಜೊತೆಗೆ ಇಟ್ಟುಕೊಳ್ಳಿ.